ಬೆಕ್ಕು ಟ್ರೇ ಬಿಟ್ಟು ಕೌದಿ ಮೇಲೆ ಯಾಕೆ ಹೋಗುತ್ತದೆ?
ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಕ್ಕಿನ ಲಿಟರ್ ಟ್ರೇ (ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿಡುವ ತಟ್ಟೆ) ಬಗ್ಗೆಯೇ ಇವೆ. ಗಂಗಾವತಿಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ತಡ ಮಾಡುವಂಥದ್ದಲ್ಲ.

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ ನಾಲ್ಕು ವರ್ಷ. ನಿನ್ನೆಯಿಂದ ಪದೇ ಪದೇ ಟ್ರೇಗೆ ಹೋಗಿ ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ. ಬಚ್ಚಲಲ್ಲೂ ಹಾಗೇ ಕೂತಿತ್ತು. ಮಲಬದ್ಧತೆ ಇರಬೇಕು ಅನಿಸುತ್ತದೆ. ಹರಳೆಣ್ಣೆ ಕುಡಿಸಬಹುದಾ?
(ಓದುಗರು, ಗಂಗಾವತಿ)

ಉತ್ತರ: ಹರಳೆಣ್ಣೆ ಬೇಡ, ಈಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಿಮಗೆ ಇದನ್ನು ಪತ್ರ ಬಂದ ದಿನವೇ ತಿಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದ ಓದುಗರಿಗಾಗಿ.

ಗಂಡು ಬೆಕ್ಕು ತಿಣುಕಿದರೆ ಮನೆಯವರು ಮಲಬದ್ಧತೆ ಎಂದುಕೊಳ್ಳುವುದೇ ಜಾಸ್ತಿ. ಆದರೆ ಹಲವು ಸಲ ಕಟ್ಟಿಕೊಂಡಿರುವುದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಮೂತ್ರದಲ್ಲಿ ಕಟ್ಟುವ ಹರಳಿನ ಪುಡಿ, ಲೋಳೆ ಸೇರಿ ಅಲ್ಲಿ ಬಿರಡೆ ಹಾಕಿದಂತೆ ಕೂತುಬಿಡುತ್ತದೆ. ಮೂತ್ರ ಪೂರ್ತಿ ನಿಂತರೆ 24ರಿಂದ 48 ಗಂಟೆಯೊಳಗೆ ಜೀವಕ್ಕೇ ಅಪಾಯ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತುಹೋಗಬಹುದು. ಮತ್ತೆ ಮತ್ತೆ ಟ್ರೇಗೆ ಹೋಗುವುದು, ಕೂಗುವುದು, ಹಿಂಭಾಗ ನೆಕ್ಕುತ್ತಲೇ ಇರುವುದು, ಹೊಟ್ಟೆಯ ಕೆಳಭಾಗ ಗಟ್ಟಿಯಾಗಿರುವುದು ಇದರ ಲಕ್ಷಣ. ಇವುಗಳ ಜೊತೆ ವಾಂತಿಯೂ ಆದರೆ ರಾತ್ರಿ ಹನ್ನೆರಡಾದರೂ ಕಾಯಬೇಡಿ.

ಹೊರಡುವ ಮುಂಚೆ ಫೋನ್ ಮಾಡಿ, ಬೆಕ್ಕಿಗೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕುತ್ತಾರಾ ಎಂದು ಕೇಳಿಕೊಳ್ಳಿ. ನಮ್ಮ ಕಡೆ ದನದ ದವಾಖಾನೆಗಳಲ್ಲಿ ಎಲ್ಲ ಕಡೆಯೂ ಈ ಸೌಲಭ್ಯ ಇರುವುದಿಲ್ಲ. ಸುಮ್ನೆ ಎರಡು ಊರು ಅಲೆಯುವುದರಲ್ಲೇ ಹೊತ್ತು ಹೋಗಿಬಿಡುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಇದು ಒಮ್ಮೆ ಬಂದ ಬೆಕ್ಕಿಗೆ ಮತ್ತೆ ಬರಬಹುದು. ಬೆಕ್ಕಿನ ಮೂಲ ಮರುಭೂಮಿಯ ಕಾಡುಬೆಕ್ಕು. ಹಾಗಾಗಿ ಅದಕ್ಕೆ ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಪ್ಯಾಕೆಟಿನ ಒಣ ಕಾಳಿನಂಥ ಆಹಾರ ಮಾತ್ರ ಹಾಕಿದರೆ ಮೈಗೆ ನೀರು ಸಾಲುವುದಿಲ್ಲ. ಮನೆಯಲ್ಲಿ ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೀನು ಅಥವಾ ಕೋಳಿಯ ನೀರನ್ನು ಊಟಕ್ಕೆ ಬೆರೆಸಿ ಕೊಡಿ.

ಪ್ರಶ್ನೆ: ಮೂರು ವರ್ಷದ ಹೆಣ್ಣು ಬೆಕ್ಕು ಇಷ್ಟು ದಿನ ಟ್ರೇಯಲ್ಲೇ ಹೋಗುತ್ತಿತ್ತು. ವಾಸನೆ ಅಂತ ಟ್ರೇಯನ್ನು ಮಾಳಿಗೆ ಮೇಲೆ ಶೀಟಿನ ಕೆಳಗೆ ಇಟ್ಟೆವು. ದಿನಾ ಫಿನಾಯಿಲ್ ಹಾಕಿ ತೊಳೆಯುತ್ತೇವೆ. ಈಗ ಹಾಸಿಗೆ ಮೇಲೆ, ಮಡಚಿಟ್ಟ ಕೌದಿ ಮೇಲೆ ಉಚ್ಚೆ ಹೊಯ್ಯುತ್ತಿದೆ. ಹೊಸದಾಗಿ ಒಂದು ಮರಿ ತಂದಿದ್ದೇವೆ, ಆ ಸಿಟ್ಟಿಗೆ ಹೀಗೆ ಮಾಡುತ್ತಿದೆಯಾ? ಮನೆಯವರು ಮೂತಿ ಹಿಡಿದು ತೋರಿಸಿ ಹೊಡೆದರು, ಇನ್ನೂ ಜಾಸ್ತಿ ಆಯಿತು.
(ಗೃಹಿಣಿ, ಬಳ್ಳಾರಿ)

ಉತ್ತರ: ಸಿಟ್ಟಿಗೆ ಅಲ್ಲಮ್ಮಾ. ಸೇಡು ತೀರಿಸಿಕೊಳ್ಳುವುದು ಬೆಕ್ಕಿನ ಗುಣವಲ್ಲ. ಅದಕ್ಕೆ ಆ ಟ್ರೇ ಬೇಡವಾಗಿದೆ, ಮೆತ್ತಗಿನ ಕೌದಿ ಸಿಕ್ಕಿದೆ, ಅಷ್ಟೇ. ಹೊಡೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಹೊಡೆತ ತಿಂದ ಬೆಕ್ಕು ಟ್ರೇಗೆ ಹೋಗಲು ಕಲಿಯುವುದಿಲ್ಲ, ನಿಮ್ಮ ಕಣ್ಣು ತಪ್ಪಿಸಿ ಹೋಗುವುದನ್ನು ಕಲಿಯುತ್ತದೆ. ಹೆದರಿಕೆಯಿಂದಲೇ ಬೆಕ್ಕಿನ ಮೂತ್ರಚೀಲದಲ್ಲಿ ಉರಿ ಶುರುವಾಗುವುದೂ ಉಂಟು.

ಮೊದಲು ಒಂದು ಮೂತ್ರ ಪರೀಕ್ಷೆ ಮಾಡಿಸಿ. ಉಚ್ಚೆ ಹೊಯ್ಯುವಾಗ ಉರಿಯಾದರೆ ಬೆಕ್ಕು ಆ ನೋವನ್ನು ಟ್ರೇಗೆ ಹೊಂದಿಸಿಕೊಂಡುಬಿಡುತ್ತದೆ. ಅಲ್ಲಿ ಕೂತರೆ ನೋವಾಗುತ್ತದೆ ಎಂದು ಬೇರೆ ಜಾಗ ಹುಡುಕುತ್ತದೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಉಳಿದದ್ದು ಟ್ರೇ ಮತ್ತು ಮನೆ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಫಿನಾಯಿಲ್. ನಮ್ಮ ಮನೆಗಳಲ್ಲಿ ಚೊಕ್ಕ ಅಂದರೆ ಫಿನಾಯಿಲ್ ವಾಸನೆ ಬರಬೇಕು ಅನ್ನುವ ರೂಢಿ ಇದೆ. ಬೆಕ್ಕಿಗೆ ಅದು ವಿಷ. ಕಪ್ಪು ಫಿನಾಯಿಲ್‌ನಲ್ಲೂ, ನೀರಿಗೆ ಹಾಕಿದರೆ ಹಾಲಿನಂತಾಗುವ ಕೆಲವು ಆಂಟಿಸೆಪ್ಟಿಕ್‌ಗಳಲ್ಲೂ ಫಿನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಟ್ರೇಯಲ್ಲಿ ಕಾಲಿಡುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ, ಅಲ್ವಾ? ವಿಷ ಹೊಟ್ಟೆಗೆ ಹೋಗುವ ದಾರಿ ಅದೇ. ಅಷ್ಟೂ ಅಲ್ಲದೆ ಆ ಘಾಟಿಗೇ ಬೆಕ್ಕು ಟ್ರೇ ಹತ್ತಿರ ಸುಳಿಯುವುದಿಲ್ಲ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿದರೆ ಸಾಕು.

ಎರಡನೆಯದು ಮಾಳಿಗೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನೀವೇ ಒಮ್ಮೆ ಬರಿಗಾಲಲ್ಲಿ ಆ ಶೀಟಿನ ಕೆಳಗೆ ನಿಂತು ನೋಡಿ. ಬಳ್ಳಾರಿ ಬಿಸಿಲಿಗೆ ಕಾದ ನೆಲ ದಾಟಿ, ಕಾದ ಮರಳಿನ ಮೇಲೆ ಕೂರು ಅಂದರೆ ಅದು ಹೇಗೆ ಕೂತೀತು? ಟ್ರೇಯನ್ನು ಕೆಳಗೆ ತನ್ನಿ. ಜನ ಓಡಾಡದ ಮೂಲೆ ಇರಲಿ. ಊಟದ ಬಟ್ಟಲಿನ ಹತ್ತಿರ ಬೇಡ, ಗಡಗಡ ಸದ್ದು ಮಾಡುವ ವಾಷಿಂಗ್ ಮಷಿನ್ ಪಕ್ಕವೂ ಬೇಡ.

ಇನ್ನು ಹೊಸ ಮರಿ. ಇದು ನಿಜವಾಗಿಯೂ ಕಾರಣ ಇರಬಹುದು, ಆದರೆ ಸಿಟ್ಟಲ್ಲ, ಪೈಪೋಟಿ. ದೊಡ್ಡ ಬೆಕ್ಕು ಟ್ರೇಯಲ್ಲಿ ಕೂತಾಗ ಮರಿ ಹಾರಿ ಬಿದ್ದು ಆಟ ಆಡಿಸುತ್ತಿದೆಯಾ ನೋಡಿ. ಬೆಕ್ಕುಗಳು ಎಷ್ಟೋ, ಅದಕ್ಕಿಂತ ಒಂದು ಟ್ರೇ ಜಾಸ್ತಿ ಅನ್ನುವುದು ವೈದ್ಯರ ಲೆಕ್ಕ. ನಿಮಗೆ ಮೂರು ಬೇಕು. ಸಣ್ಣ ಮನೆಯಾದರೆ ಎರಡಾದರೂ ಇರಲಿ, ಆದರೆ ಬೇರೆ ಬೇರೆ ಕಡೆ. ಪಕ್ಕಪಕ್ಕ ಇಟ್ಟ ಎರಡು ಟ್ರೇ ಬೆಕ್ಕಿನ ಕಣ್ಣಿಗೆ ಒಂದೇ ಜಾಗ.

ಅಂಗಡಿಯಲ್ಲಿ ಸಿಗುವ ಟ್ರೇಗಳು ಬಹಳಷ್ಟು ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆಯಷ್ಟು ಉದ್ದ ಬೇಕು. ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ ತಂದು ಒಂದು ಕಡೆ ಬದಿ ತಗ್ಗಿಸಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ವಯಸ್ಸಾದ ಬೆಕ್ಕಿಗಂತೂ ಕೀಲು ನೋವಿರುತ್ತದೆ, ಎತ್ತರದ ಅಂಚು ದಾಟಲಾರದು. ಲಿಟರ್ ಎರಡು ಮೂರು ಇಂಚು ಆಳ ಇರಲಿ. ಸುವಾಸನೆಯದು ಬೇಡ, ಆ ವಾಸನೆ ಇಷ್ಟವಾಗುವುದು ನಮಗೆ, ಬೆಕ್ಕಿಗಲ್ಲ. ಬೆಳಿಗ್ಗೆ, ಸಂಜೆ ಉಚ್ಚೆಗೆ ಕಟ್ಟಿದ ಲಿಟರ್ ಗಡ್ಡೆ ಎತ್ತಿ ತೆಗೆದರೆ ಟ್ರೇ ಮನೆಯೊಳಗಿದ್ದರೂ ನಾರುವುದಿಲ್ಲ.

ಕೌದಿಯನ್ನು ತಣ್ಣೀರಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಒಣಹಾಕಿ. ಹಾಸಿಗೆಗೆ ಎಂಜೈಮ್ ಇರುವ ಕ್ಲೀನರ್ ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ. ಚೆನ್ನಾಗಿ ನೆನೆಯುವಷ್ಟು ಹಾಕಿ ತಾನಾಗಿ ಒಣಗಲು ಬಿಡಿ. ನಮ್ಮ ಮೂಗಿಗೆ ವಾಸನೆ ಹೋದರೂ ಬೆಕ್ಕಿನ ಮೂಗಿಗೆ ಉಳಿದಿರುತ್ತದೆ, ಅದೇ ಗುರುತು ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಉಚ್ಚೆ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಡಿ, ಎರಡೂ ಸೇರಿ ಕೆಟ್ಟ ಗಾಳಿ ಏಳುತ್ತದೆ. ಬೆಕ್ಕು ಬರದಿರಲಿ ಎಂದು ನುಸಿಗುಳಿಗೆ ಇಡುವವರಿದ್ದಾರೆ, ಅದೂ ವಿಷವೇ. ಸರಿಹೋಗುವವರೆಗೆ ಕೌದಿಗಳನ್ನು ಟ್ರಂಕಿನಲ್ಲಿ ಇಟ್ಟು, ಮಲಗುವ ಕೋಣೆಯ ಬಾಗಿಲು ಹಾಕಿಡಿ.

ಪ್ರಶ್ನೆ: ಕ್ಯಾಟ್ ಲಿಟರ್ ದುಬಾರಿ. ನಮ್ಮಲ್ಲಿ ರೈಸ್ ಮಿಲ್‌ನ ಹೊಟ್ಟು, ಬೂದಿ ಪುಕ್ಕಟೆ ಸಿಗುತ್ತದೆ. ಹೊಲದ ಎರೆಮಣ್ಣೂ ಇದೆ. ಯಾವುದನ್ನು ಹಾಕಬಹುದು?
(ಓದುಗರು, ಸಿಂಧನೂರು)

ಉತ್ತರ: ಬೂದಿ ಬೇಡವೇ ಬೇಡ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಬೆಕ್ಕು ಕೆದರಿದಾಗಲೆಲ್ಲ ಆ ಧೂಳು ಎದ್ದು ಅದರ ಶ್ವಾಸಕೋಶಕ್ಕೂ ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಕೇಳಿದವರಿಗೂ ಇದೇ ಉತ್ತರ. ಬರೀ ಹೊಟ್ಟು ನೀರು ಹೀರುವುದಿಲ್ಲ, ಉಚ್ಚೆ ತಳಕ್ಕೆ ಇಳಿದು ನಿಲ್ಲುತ್ತದೆ.

ಎರೆಮಣ್ಣಿನ ಯೋಚನೆ ಚೆನ್ನಾಗಿದೆ. ಗಡ್ಡೆ ಕಟ್ಟುವ ಲಿಟರ್ ಮಾಡುವುದು ಬೆಂಟೊನೈಟ್ ಜೇಡಿಯಿಂದ. ಎರೆಮಣ್ಣು ಉಬ್ಬುವುದೂ ಅದೇ ಜಾತಿಯ ಜೇಡಿಯಿಂದ. ಆದರೆ ಎರೆಮಣ್ಣು ಹಸಿಯಾದರೆ ಪಾದಕ್ಕೆ ಮೆತ್ತಿಕೊಳ್ಳುತ್ತದೆ, ಮನೆ ತುಂಬಾ ಹೆಜ್ಜೆ ಮೂಡುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆದ ಹೊಲವಾದರೆ ಹೊಡೆದ ಔಷಧಿಯೂ ಮಣ್ಣಲ್ಲಿ ಉಳಿದಿರಬಹುದು. ಬೇಡ.

ಅಗ್ಗದಲ್ಲಿ ಆಗಬೇಕೆಂದರೆ ನನ್ನ ಮಾತು ಮರಳು. ಸಣ್ಣ ಮರಳನ್ನು ಜರಡಿ ಹಿಡಿದು, ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹಾಕಿ. ಗಡ್ಡೆ ಕಟ್ಟುವುದಿಲ್ಲವಾದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮನೆ ಕಟ್ಟಲು ಬೀದಿಯಲ್ಲಿ ಸುರಿದ ಗುಡ್ಡೆಯಿಂದ ತರಬೇಡಿ, ಅಲ್ಲಿ ಬೀದಿ ಬೆಕ್ಕು, ನಾಯಿ ಆಗಲೇ ಹೋಗಿರುತ್ತವೆ. ಎರಡು ತಿಂಗಳೊಳಗಿನ ಮರಿಗಂತೂ ಮರಳೇ ವಾಸಿ, ಗಡ್ಡೆ ಕಟ್ಟುವ ಲಿಟರನ್ನು ಮರಿಗಳು ತಿಂದುಬಿಡುತ್ತವೆ. ಹಳೆಯದನ್ನು ಗಟಾರಕ್ಕೋ ಕಮೋಡಿಗೋ ಸುರಿಯದೆ ಕಟ್ಟಿ ಕಸದ ಗಾಡಿಗೆ ಕೊಡಿ.

ಪ್ರಶ್ನೆ: ಒಂದು ವರ್ಷದ ಗಂಡು ಬೆಕ್ಕು ಬಾಗಿಲು, ಗೋಡೆ, ಬೈಕಿನ ಮೇಲೆಲ್ಲ ಉಚ್ಚೆ ಚಿಮ್ಮಿಸುತ್ತದೆ. ಟ್ರೇಯನ್ನೂ ಬಳಸುತ್ತದೆ.
(ವಿದ್ಯಾರ್ಥಿ, ಕೊಪ್ಪಳ)

ಉತ್ತರ: ಇದು ಟ್ರೇ ಸಮಸ್ಯೆ ಅಲ್ಲ. ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತಾ ಗೋಡೆಗೆ ಹೊಡೆಯುತ್ತಿದ್ದರೆ ಅದು ಗಡಿ ಗುರುತು. ಸಂತಾನಹರಣ ಮಾಡಿಸಿ. ಹತ್ತು ಗಂಡು ಬೆಕ್ಕುಗಳಲ್ಲಿ ಸುಮಾರು ಒಂಬತ್ತು ನಿಲ್ಲಿಸಿಬಿಡುತ್ತವೆ, ಕೆಲವಕ್ಕೆ ಕೆಲವು ವಾರ ಹಿಡಿಯುತ್ತದೆ. ಐದಾರು ತಿಂಗಳಿಗೇ ಮಾಡಿಸಿದ್ದರೆ ಈ ಚಟ ಹತ್ತುವುದೇ ಕಡಿಮೆ.

ಪ್ರಶ್ನೆ: ನಾನು ಮೂರು ತಿಂಗಳ ಗರ್ಭಿಣಿ. ಟ್ರೇಯಿಂದ ಮಗುವಿಗೆ ತೊಂದರೆ, ಬೆಕ್ಕನ್ನು ಬಿಟ್ಟು ಬನ್ನಿ ಅಂತ ಅತ್ತೆ ಹೇಳುತ್ತಿದ್ದಾರೆ. ಬಿಡಲೇಬೇಕಾ?
(ಓದುಗರು, ರಾಯಚೂರು)

ಉತ್ತರ: ಬಿಡಬೇಕಿಲ್ಲ. ಅತ್ತೆಯವರ ಭಯಕ್ಕೆ ಆಧಾರ ಇದೆ, ಅದನ್ನು ತಳ್ಳಿಹಾಕಬೇಡಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಕೆಲವು ಬೆಕ್ಕುಗಳ ಮಲದಲ್ಲಿ ಇರುತ್ತದೆ, ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿಗೆ ಅಪಾಯ. ಆದರೆ ಮಲ ಬಿದ್ದ ತಕ್ಷಣ ಅದು ಅಂಟುವುದಿಲ್ಲ. ಅಂಟುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅದಕ್ಕೇ ಟ್ರೇಯಲ್ಲಿನ ಮಲವನ್ನು ದಿನಾ ತಪ್ಪದೆ ತೆಗೆಯಬೇಕು, ಹೆರಿಗೆ ಆಗುವವರೆಗೆ ಆ ಕೆಲಸ ನಿಮ್ಮ ಯಜಮಾನರದ್ದು. ಯಾರೂ ಇಲ್ಲದ ದಿನ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆಕ್ಕನ್ನು ಹೊರಗೆ ಬೇಟೆಗೆ ಬಿಡಬೇಡಿ, ಹಸಿ ಮಾಂಸ ಹಾಕಬೇಡಿ.

ಇದರಷ್ಟೇ ಮುಖ್ಯವಾದದ್ದು ನಿಮ್ಮ ಊಟದ ತಟ್ಟೆ. ಸರಿಯಾಗಿ ಬೇಯದ ಮಾಂಸ, ಮಣ್ಣಂಟಿದ ತರಕಾರಿಯಿಂದಲೂ ಇದು ಬರುತ್ತದೆ. ನಮ್ಮಲ್ಲಿ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಸೌತೆಕಾಯಿ ಇಟ್ಟುಕೊಂಡು ತಿನ್ನುತ್ತೇವೆ. ಸೊಪ್ಪನ್ನು ಎಲೆ ಬಿಡಿಸಿ, ಎರಡು ಮೂರು ನೀರಲ್ಲಿ ಜಾಲಿಸಿ ತೊಳೆದು ತಿನ್ನಿ. ರಕ್ತ ಪರೀಕ್ಷೆ ಬೇಕಾ ಎಂದು ನಿಮ್ಮನ್ನು ನೋಡುತ್ತಿರುವ ಲೇಡಿ ಡಾಕ್ಟರನ್ನು ಕೇಳಿ, ಹೋಗುವಾಗ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.