ಆರ್‌ವಿಯಲ್ಲಿ (ಮಲಗಲು, ಅಡುಗೆಗೆ ಅನುಕೂಲವಿರುವ ಮನೆಯಂಥ ಗಾಡಿಯಲ್ಲಿ) ಯಾರು ಎಲ್ಲಿ ಕೂರಬೇಕು? ನಡುರಾತ್ರಿ ಅಲಾರಂ ಕೂಗಿದರೆ ಏನು ಮಾಡಬೇಕು?

ಪ್ರಶ್ನೆ: ನಾವು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೇವೆ. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ. ನಾವಿಬ್ಬರು, 3 ಮತ್ತು 7 ವರ್ಷದ ಮಕ್ಕಳು, ನನ್ನ ತಮ್ಮ ಸೇರಿ ಏಳು ಜನ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲು 30 ಅಡಿ ಉದ್ದದ ಕ್ಲಾಸ್ ಸಿ ಆರ್‌ವಿ (ಟ್ರಕ್ಕಿನಂಥ ಕ್ಯಾಬಿನ್‌ನ ಹಿಂದೆ ಮನೆ ಜೋಡಿಸಿದ ಬಗೆ) ಬಾಡಿಗೆಗೆ ನೋಡಿದ್ದೇವೆ. ಎಂಟು ಜನ ಮಲಗಬಹುದು ಎಂದು ಬರೆದಿದೆ. ಅಮ್ಮನಿಗೆ ಮಂಡಿನೋವು, ದಾರಿಯುದ್ದಕ್ಕೂ ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡು ಬರಬಹುದೇ?

ಉತ್ತರ: ಮಲಗಿಕೊಂಡು ಬರುವುದು ಬೇಡ. ಗಂಟೆಗೆ 55 ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 25 ಮೀಟರ್ ಸಾಗುತ್ತಿರುತ್ತದೆ, ಹಾಸಿಗೆಯ ಮೇಲಿರುವವರೂ ಅಷ್ಟೇ ವೇಗದಲ್ಲಿರುತ್ತಾರೆ. ಜಿಂಕೆ ಅಡ್ಡ ಬಂತೆಂದು ಚಾಲಕ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಅಮ್ಮ ನಿಲ್ಲುವುದಿಲ್ಲ. ಕ್ಯಾಬಿನ್ ಮೇಲಿನ ಅಟ್ಟದ ಹಾಸಿಗೆಗೂ ಇದೇ ಮಾತು. ಮಕ್ಕಳು ಅಲ್ಲಿಗೆ ಹತ್ತಲು ಹಠ ಮಾಡುತ್ತಾರೆ, ಗಾಡಿ ನಿಂತ ಮೇಲೆ ಹತ್ತಲಿ. ಚಕ್ರ ಉರುಳುವಾಗ ಶೌಚಾಲಯಕ್ಕೆ ಏಳುವುದು, ಕಾಫಿ ಬಿಸಿ ಮಾಡುವುದು ಯಾವುದೂ ಬೇಡ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿದರೆ ಮಂಡಿಗೂ ಹಿತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆ.

‘ಎಂಟು ಜನ ಮಲಗಬಹುದು’ ಅಂದರೆ ಎಂಟು ಜನ ಪ್ರಯಾಣಿಸಬಹುದು ಎಂದಲ್ಲ. ಬಾಡಿಗೆಯವರ ಹತ್ತಿರ ಎರಡು ಲೆಕ್ಕ ಕೇಳಿ: ಒಟ್ಟು ಎಷ್ಟು ಸೀಟ್‌ಬೆಲ್ಟ್ ಇವೆ? ಅವುಗಳಲ್ಲಿ ಮುಂದಕ್ಕೆ ಮುಖ ಮಾಡಿದ ಸೀಟಿನವು ಎಷ್ಟು? ಸಾಮಾನ್ಯ ಕ್ಲಾಸ್ ಸಿಯಲ್ಲಿ ಭುಜದ ಬೆಲ್ಟ್ ಇರುವುದು ಚಾಲಕನಿಗೆ ಮತ್ತು ಪಕ್ಕದ ಸೀಟಿಗೆ ಮಾತ್ರ. ಹಿಂದೆ ಊಟದ ಮೇಜಿನ ಎರಡು ಬೆಂಚುಗಳಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮುಖ ಮಾಡಿರುತ್ತದೆ. ಅಲ್ಲಿ ಹೆಚ್ಚಾಗಿ ಸೊಂಟದ ಬೆಲ್ಟ್ ಅಷ್ಟೇ. ಸೋಫಾ ಇದ್ದರೆ ಅದು ಪಕ್ಕಕ್ಕೆ ತಿರುಗಿರುತ್ತದೆ. ಮುಂದಿನ ಕ್ಯಾಬಿನ್ ವಾಹನ ಕಂಪನಿ ಕಟ್ಟಿದ ಉಕ್ಕಿನ ಗೂಡು. ಹಿಂದಿನ ‘ಮನೆ’ಯನ್ನು ಆರ್‌ವಿ ಕಂಪನಿ ಮರ, ಅಲ್ಯೂಮಿನಿಯಂ, ಫೈಬರ್ ಹಲಗೆಗಳಿಂದ ಅದರ ಬೆನ್ನಿಗೆ ಜೋಡಿಸಿರುತ್ತದೆ. ಬೆಂಚಿನ ಮೆತ್ತೆ ಎತ್ತಿ ನೋಡಿ: ಬೆಲ್ಟಿನ ಬುಡ ಲೋಹದ ಚೌಕಟ್ಟಿಗೆ ಬೋಲ್ಟ್ ಆಗಿದೆಯೇ, ಬರೀ ಪ್ಲೈವುಡ್‌ಗೆ ಸ್ಕ್ರೂ ಹೊಡೆದಿದ್ದಾರೆಯೇ? ಪ್ಲೈವುಡ್ ಆಗಿದ್ದರೆ ಆ ಗಾಡಿ ಬೇಡ ಅನ್ನಿ.

ಮೂರು ವರ್ಷದ ಮಗುವಿನ ಐದೆಳೆ ಪಟ್ಟಿಯ ಸೀಟನ್ನು ಮುಂದಕ್ಕೆ ಮುಖ ಮಾಡಿದ ಬೆಂಚಿನಲ್ಲಿ ಸೊಂಟದ ಬೆಲ್ಟಿನಿಂದ ಬಿಗಿಯಬಹುದು. ಹಿಂಬದಿಗೆ ಅಥವಾ ಪಕ್ಕಕ್ಕೆ ತಿರುಗಿದ ಸೀಟಿನಲ್ಲಿ ಮಕ್ಕಳ ಸೀಟು ಕೂರಿಸಲೇಬಾರದು. ಸೀಟಿನ ತಲೆಯ ಹಿಂದಿನ ಪಟ್ಟಿಯನ್ನು ಸಿಕ್ಕಿಸುವ ಕೊಕ್ಕೆ ಬೆಂಚಿನ ಹಿಂದೆ ಇದೆಯೇ ಎಂದು ಹುಡುಕಿ. ಅದು ಇಲ್ಲದಿದ್ದರೆ ಡಿಕ್ಕಿಯಾದಾಗ ಮಗುವಿನ ತಲೆ ಇನ್ನಷ್ಟು ಮುಂದಕ್ಕೆ ಚಿಮ್ಮುತ್ತದೆ, ಎದುರಿಗೇ ಮೇಜಿನ ಅಂಚು ಇರುತ್ತದೆ. ಮೇಜಿನ ಕಾಲು ಬಿಚ್ಚಿ ಅದನ್ನು ತೆಗೆದಿಡಿ. ಏಳು ವರ್ಷದವಳ ಸಮಸ್ಯೆ ಇನ್ನೂ ಕಷ್ಟದ್ದು. ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಇರಲೇಬೇಕು, ಬರೀ ಸೊಂಟದ ಬೆಲ್ಟ್ ಹೊಟ್ಟೆಗೆ ಮತ್ತು ಬೆನ್ನೆಲುಬಿಗೆ ಪೆಟ್ಟು ಕೊಡುತ್ತದೆ. ಹೆಚ್ಚು ತೂಕ ತಡೆಯುವ, 65 ಪೌಂಡ್‌ವರೆಗಿನ ಪಟ್ಟಿ ಸೀಟು ಕೊಂಡರೆ ಅವಳನ್ನೂ ಬೆಂಚಿನಲ್ಲಿ ಕೂರಿಸಬಹುದು.

ಇಷ್ಟೆಲ್ಲ ಸರಿಹೊಂದಿಸಿದರೂ ಹಿಂದೆ ಮುಂದಕ್ಕೆ ಮುಖ ಮಾಡಿದ ಎರಡು ಜಾಗ ಮಕ್ಕಳಿಗೇ ಮುಗಿಯುತ್ತವೆ. ನಮ್ಮ ಸಲಹೆ: ಜೊತೆಗೊಂದು ಮಿನಿವ್ಯಾನ್ ಬಾಡಿಗೆಗೆ ತೆಗೆದುಕೊಳ್ಳಿ. ಮಕ್ಕಳು, ಅಮ್ಮ, ಅಪ್ಪ ಅದರಲ್ಲಿ ಬರಲಿ. ಎಲ್ಲರಿಗೂ ಭುಜದ ಬೆಲ್ಟ್ ಮತ್ತು ಏರ್‌ಬ್ಯಾಗ್ ಸಿಗುತ್ತದೆ, ಹತ್ತಿ ಇಳಿಯುವುದೂ ಸುಲಭ. ಆರ್‌ವಿಯ ಮುಂದಿನ ಸೀಟು ಅಮ್ಮನಿಗೆ ಸರಿ ಎನಿಸಬಹುದು. ಆದರೆ ಅನೇಕ ಕ್ಲಾಸ್ ಸಿ ಆರ್‌ವಿಗಳಿಗೆ ಬುಡವಾಗಿರುವ ಫೋರ್ಡ್ ಇ-450 ಗಾಡಿಗಳಲ್ಲಿ ಇಂಜಿನ್ನಿನ ಉಬ್ಬು ಕ್ಯಾಬಿನ್ ಒಳಗೆ ಬಂದು ಪಕ್ಕದ ಸೀಟಿನವರ ಎಡಗಾಲಿನ ಜಾಗ ತಿನ್ನುತ್ತದೆ, ಬಿಸಿಯೂ ಆಗುತ್ತದೆ. ಮಂಡಿನೋವಿನವರಿಗೆ ಇದು ಹಿಂಸೆ. ಮಿನಿವ್ಯಾನ್ ಇದ್ದರೆ ಇನ್ನೊಂದು ಅನುಕೂಲ: ಆರ್‌ವಿಯನ್ನು ಕ್ಯಾಂಪ್‌ನಲ್ಲಿ ಬಿಟ್ಟು ಸುತ್ತಾಡಬಹುದು. ಮುಂದೆ ಗ್ಲೇಸಿಯರ್ ಪಾರ್ಕಿಗೂ ಹೋಗುವ ಯೋಚನೆ ಇದ್ದರೆ, ‘ಗೋಯಿಂಗ್ ಟು ದ ಸನ್’ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿಯನ್ನು ಬಿಡುವುದೇ ಇಲ್ಲ.

ಹೊರಡುವ ಮುನ್ನ ಒಳಗಿನ ಸಾಮಾನು ನೋಡಿ. ಕಟ್ಟೆಯ ಮೇಲಿನ ಕುಕ್ಕರ್, ತಲೆಯ ಮೇಲಿನ ಕಪಾಟಿನ ಗ್ರೈಂಡರ್ ಕಲ್ಲು, ಕಟ್ಟದೇ ಬಿಟ್ಟ ಅಕ್ಕಿ ಚೀಲ, ಇವೆಲ್ಲ ಬ್ರೇಕ್ ಬಿದ್ದಾಗ ಹಾರುತ್ತವೆ. ಭಾರದ್ದು ನೆಲದ ಮಟ್ಟದಲ್ಲಿರಲಿ, ಕಪಾಟಿಗೆ ಚಿಲಕ ಇರಲಿ.

ಪ್ರಶ್ನೆ: ಒಗ್ಗರಣೆ ಹಾಕಿದಾಗಲೆಲ್ಲ ಆರ್‌ವಿಯ ಅಲಾರಂ ಕೂಗುತ್ತದೆ. ಕಳೆದ ಬಾರಿ ಬೇಸತ್ತು ಬ್ಯಾಟರಿ ತೆಗೆದಿಟ್ಟೆವು. ಬೆಳಿಗ್ಗೆ ಇಬ್ಬರಿಗೆ ತಲೆನೋವಿತ್ತು, ಎತ್ತರದ ಜಾಗವಾದ್ದರಿಂದ ಎಂದುಕೊಂಡೆವು. ಸರಿಯೇ?

ಉತ್ತರ: ಬ್ಯಾಟರಿಯನ್ನು ಇವತ್ತೇ ವಾಪಸ್ ಹಾಕಿ. ಯೆಲ್ಲೋಸ್ಟೋನ್ ಸರೋವರದ ಸುತ್ತಮುತ್ತ ಎತ್ತರ 7,700 ಅಡಿ ದಾಟುತ್ತದೆ, ಅಲ್ಲಿ ತಲೆನೋವು ಬರುವುದು ಸಹಜವೇ. ತೊಂದರೆ ಏನೆಂದರೆ ಒಲೆ, ಜನರೇಟರ್ ಉರಿಯುವಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ವಿಷದ ಮೊದಲ ಲಕ್ಷಣಗಳೂ ಅವೇ: ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿ ಅಂಟಿಕೊಳ್ಳುತ್ತದೆ. ಒಳಗಿದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಹಗುರಾದರೆ ಎತ್ತರವನ್ನು ದೂರಬೇಡಿ.

ಆರ್‌ವಿಯಲ್ಲಿ ಎರಡು ಬಗೆಯ ಅಲಾರಂ ಇರುತ್ತವೆ. ಚಾವಣಿಯಲ್ಲಿರುವುದು ಹೊಗೆಯದು, ಸಾಸಿವೆ ಸಿಡಿದು ಒಣಮೆಣಸಿನ ಘಾಟು ಎದ್ದಾಗ ಕೂಗುವುದು ಅದೇ. ನೆಲದ ಹತ್ತಿರ ಇರುವುದು ಆರ್‌ವಿಯ ಒಲೆಗೆ ಬಳಸುವ ಗ್ಯಾಸ್ ಪ್ರೊಪೇನ್‌ನದು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೀರಿನಂತೆ ಕೆಳಗೆ ಹರಡುತ್ತದೆ. ಅನೇಕ ಗಾಡಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ಇದರ ಜೊತೆಗೇ ಇರುತ್ತದೆ. ನೆಲದ ಹತ್ತಿರದ ಈ ಅಲಾರಂ ಹೇರ್‌ಸ್ಪ್ರೇಗೂ ಕೂಗಬಹುದು, 12 ವೋಲ್ಟ್ ಬ್ಯಾಟರಿ ಇಳಿದಾಗಲೂ ಕಿಚಿಕಿಚಿ ಅನ್ನಬಹುದು. ಆದರೂ ಮೊದಲು ನಿಜವೆಂದೇ ನಂಬಿ ಎಲ್ಲರನ್ನೂ ಹೊರಗೆ ಕರೆತನ್ನಿ, ತಲೆ ಎಣಿಸಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಗ್ಯಾಸ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಒತ್ತಬೇಡಿ, ಆನ್ ಮಾಡಲೂ ಬೇಡ, ಆಫ್ ಮಾಡಲೂ ಬೇಡ. ಹೊರಗಿನ ಟ್ಯಾಂಕಿನ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿ.

ಒಗ್ಗರಣೆಗೆ ದಾರಿ ಇದೆ. ಒಲೆ ಹಚ್ಚುವ ಮೊದಲೇ ಚಾವಣಿಯ ಫ್ಯಾನ್ ಹಾಕಿ, ಒಲೆಯ ಎದುರು ಬದಿಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಯಿರಿ. ಆಗಲೂ ಘಾಟು ಹೋಗದಿದ್ದರೆ ಹೊರಗೆ ಹೋಗಿ ಗೋಡೆ ನೋಡಿ: ಒಲೆಯ ಚಿಮಣಿ ತೆರೆಯುವ ಕಡೆ ಸಣ್ಣ ಬಾಗಿಲಿಗೆ ಎರಡು ಕ್ಲಿಪ್ ಇರುತ್ತವೆ. ಪ್ರಯಾಣದಲ್ಲಿ ಬಡಿಯದಿರಲೆಂದು ಹಾಕಿದ್ದನ್ನು ತೆಗೆಯಲು ಎಲ್ಲರೂ ಮರೆಯುತ್ತಾರೆ. ಇನ್ನೂ ಒಳ್ಳೆಯದೆಂದರೆ ಒಗ್ಗರಣೆ ಮತ್ತು ಕರಿಯುವುದನ್ನು ಹೊರಗಿನ ಮೇಜಿನ ಮೇಲೆ ಇಟ್ಟುಕೊಳ್ಳುವುದು. ದೀಪ, ಊದುಬತ್ತಿ, ಕರ್ಪೂರಕ್ಕೂ ಹೊರಗಿನ ಜಾಗವೇ ಸರಿ.

ರಾತ್ರಿ ಜನರೇಟರ್ ಹಾಕಿಕೊಂಡು ಮಲಗಬೇಡಿ. ಪಕ್ಕದ ಗಾಡಿಯ ಜನರೇಟರ್ ಹೊಗೆ ಗಾಳಿಗೆ ನಿಮ್ಮ ಕಿಟಕಿಗೂ ಬರಬಹುದು. ಚಳಿಯೆಂದು ಒಲೆ ಉರಿಸಿಟ್ಟುಕೊಳ್ಳುವುದಂತೂ ಕೂಡದು. ಅದಕ್ಕೆ ಹೀಟರ್ ಬೇರೆ ಇದೆ, ಅದರ ಹೊಗೆ ಹೊರಗೆ ಹೋಗುತ್ತದೆ. ಸೆನ್ಸರಿನ ಬೆನ್ನಿಗೆ ಮುಕ್ತಾಯದ ದಿನಾಂಕ ಅಚ್ಚಾಗಿರುತ್ತದೆ. ಅದು ಕಳೆದಿದ್ದರೆ ಟೆಸ್ಟ್ ಗುಂಡಿ ಒತ್ತಿದಾಗ ಕೂಗಿದರೂ ನಂಬಬೇಡಿ, ಗುಂಡಿ ಪರೀಕ್ಷಿಸುವುದು ಕೂಗುವ ಭಾಗವನ್ನು ಮಾತ್ರ.

ಪ್ರಶ್ನೆ: ತಿರುವಿನ ರಸ್ತೆಯಲ್ಲಿ ಹಿಂದೆ ಕೂತವರಿಗೆಲ್ಲ ವಾಂತಿ. ಉಪಾಯವೇನು?

ಉತ್ತರ: ಹಿಂದಿನ ಚಕ್ರದಾಚೆ ಹತ್ತಡಿಯಷ್ಟು ಮೈ ಚಾಚಿಕೊಂಡಿರುವ ಗಾಡಿಯಲ್ಲಿ ಹಿಂಭಾಗ ಉಯ್ಯಾಲೆಯಾಗುತ್ತದೆ. ಎರಡು ಚಕ್ರಗಳ ನಡುವಿನ ಜಾಗದಲ್ಲಿ, ಮುಂದಕ್ಕೆ ಮುಖ ಮಾಡಿ, ಮುಂಗಾಜಿನಾಚೆಯ ರಸ್ತೆ ಕಾಣುವಂತೆ ಕೂರಿಸಿ. ಫೋನು, ಪುಸ್ತಕ ಬೇಡ. ಖಾಲಿ ಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ: ಅವಲಕ್ಕಿ ಅಥವಾ ಮೊಸರನ್ನ ಸಾಕು. ವಾಂತಿ ತಡೆಯುವ ಅವೊಮಿನ್ ತರಹದ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ಅದರಿಂದ ಉಪಯೋಗ ಕಡಿಮೆ. ಅದು ನಿದ್ದೆ ತರುತ್ತದೆ. ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಮೂತ್ರ ಕಟ್ಟಬಹುದು, ಅವರು ವೈದ್ಯರನ್ನು ಕೇಳದೆ ನುಂಗಬಾರದು. ಚಾಲಕನಿಗಂತೂ ಬೇಡವೇ ಬೇಡ.

ಪ್ರಶ್ನೆ: ಮಾವನವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆರ್‌ವಿ ಫ್ರಿಜ್ ನಂಬಬಹುದೇ?

ಉತ್ತರ: ಥರ್ಮಾಮೀಟರ್ ಇಟ್ಟು ನಂಬಿ. ಬಳಸದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜುಗಳಲ್ಲಿ ಹಿಂಗೋಡೆಯ ಲೋಹದ ಪಟ್ಟಿಗಳ ಹತ್ತಿರ ಇಟ್ಟದ್ದು ಹೆಪ್ಪುಗಟ್ಟುತ್ತದೆ, ಬಾಗಿಲಿನಲ್ಲಿಟ್ಟದ್ದು ಮಧ್ಯಾಹ್ನ ಬೆಚ್ಚಗಾಗುತ್ತದೆ. ಗಾಡಿ ಓರೆಯಾಗಿ ನಿಂತಿದ್ದರೆ ಈ ಫ್ರಿಜ್ ತಂಪು ಮಾಡುವುದನ್ನೇ ನಿಲ್ಲಿಸುತ್ತದೆ. ನಡುವಿನ ತಟ್ಟೆಯಲ್ಲಿ, ಡಬ್ಬಿಯೊಳಗೆ, ಮುಂದೆ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಚೆಲ್ಲಬೇಕು. ಹಿರಿಯರ ಸ್ನಾನದ ಬಗ್ಗೆಯೂ ಒಂದು ಮಾತು: ಆರ್‌ವಿ ಗೀಸರ್ ನೀರನ್ನು 60 ಡಿಗ್ರಿಯ ಹತ್ತಿರಕ್ಕೆ ಕಾಯಿಸುತ್ತದೆ. ಮೊದಲು ತಣ್ಣೀರು ತಿರುಗಿಸಿ ಆಮೇಲೆ ಬಿಸಿ ಸೇರಿಸಲು ಹೇಳಿಕೊಡಿ.

ಪ್ರಶ್ನೆ: ಟೊರಾಂಟೊದಲ್ಲಿ ಹಳೆಯ ಮೋಟರ್‌ಹೋಮ್ ಕೊಂಡಿದ್ದೇವೆ. ಟೈರಿನ ಗುಂಡಿಗಳು (ಟ್ರೆಡ್) ಹೊಸದರಂತಿವೆ. ಬದಲಿಸಬೇಕೇ?

ಉತ್ತರ: ಗುಂಡಿಯ ಆಳ ನೋಡಿ ನಿರ್ಧರಿಸಬೇಡಿ. ಮೋಟರ್‌ಹೋಮ್ ವರ್ಷದಲ್ಲಿ ಬಹುಪಾಲು ನಿಂತೇ ಇರುತ್ತದೆ, ಆದ್ದರಿಂದ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಪಕ್ಕೆಯ ಮೇಲಿನ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2418 ಎಂದಿದ್ದರೆ 2018ರ 24ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ್ದನ್ನು ಬದಲಿಸಿ. ಹಿಂದಿನ ಜೋಡಿಚಕ್ರದಲ್ಲಿ ಒಳಗಿನ ಟೈರನ್ನು ಮರೆಯಬೇಡಿ, ಗಾಳಿ ಇಳಿದದ್ದು ಕಣ್ಣಿಗೆ ಕಾಣದೆ ಮೊದಲು ಹೋಗುವುದು ಅದೇ.

ಇನ್ನು ತೂಕ. ನೀರು, ಅನ್ನದ ಸಾಮಾನು, ಜನ ಎಲ್ಲ ತುಂಬಿಸಿಕೊಂಡು ಟ್ರಕ್ ನಿಲ್ದಾಣದ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಗಿಸಿ. ನೂರೈವತ್ತು ಲೀಟರಿನ ಟ್ಯಾಂಕ್ ತುಂಬಿದರೆ ಅಲ್ಲೇ 150 ಕಿಲೋ. ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವ ಮಿತಿಗೆ ಹೋಲಿಸಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಓಡಿದ ಮೇಲೆ ಒತ್ತಡ ಏರಿದ್ದನ್ನು ಕಂಡು ಗಾಳಿ ಬಿಡುವುದು ದೊಡ್ಡ ತಪ್ಪು, ತಣ್ಣಗಾದಾಗ ಗಾಳಿ ಸಾಲದೆ ಪಕ್ಕೆ ಕಾಯ್ದು ಸಿಡಿಯುತ್ತದೆ. ಟೈರು ಸಿಡಿದರೆ ಬ್ರೇಕ್ ಒತ್ತಬೇಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಗಾಡಿ ನೇರವಾದ ಮೇಲೆ ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ.

ಪ್ರಶ್ನೆ: ಮೈಸೂರಿನಿಂದ ಬಾಡಿಗೆ ಕ್ಯಾರವಾನ್‌ನಲ್ಲಿ ಆಗುಂಬೆ, ಶೃಂಗೇರಿ ಕಡೆ ಹೋಗಲಿದ್ದೇವೆ. ಟೆಂಪೊ ಟ್ರಾವೆಲರನ್ನು ಮಾರ್ಪಡಿಸಿದ್ದು. ಮಂಚದ ಕೆಳಗೆ ಮನೆಯ ಗ್ಯಾಸ್ ಸಿಲಿಂಡರ್ ಇದೆ. ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಆರ್‌ಸಿ ನೋಡಿ. ವಾಹನದ ಬಗೆ ಕ್ಯಾರವಾನ್ ಎಂದು ದಾಖಲಾಗಿದೆಯೇ, ಎಷ್ಟು ಸೀಟು ಎಂದಿದೆ? ಆರ್‌ಟಿಒ ಒಪ್ಪಿಗೆಯಿಲ್ಲದೆ ಮಾರ್ಪಡಿಸಿದ್ದರೆ, ಅಥವಾ ದಾಖಲಾದ ಸೀಟಿಗಿಂತ ಹೆಚ್ಚು ಜನರಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಪಕ್ಕಕ್ಕೆ ತಿರುಗಿದ ಸೋಫಾ ನಿಂತಾಗ ಹರಟೆಗೆ ಚೆನ್ನ, ಆಗುಂಬೆಯ ಕಡಿದಾದ ತಿರುವುಗಳಲ್ಲಿ ಅಲ್ಲ. ಘಾಟಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಲು ಚಾಲಕನಿಗೆ ಹೇಳಿ. ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ. ಮಳೆಗಾಲದಲ್ಲಿ ಆ ಘಾಟಿಗೆ ಭಾರದ ವಾಹನ ಬಿಡದಿರುವುದುಂಟು, ಹೊರಡುವ ಹಿಂದಿನ ದಿನ ವಿಚಾರಿಸಿ.

ರಾತ್ರಿ ಎಸಿಗಾಗಿ ಇಂಜಿನ್ ಅಥವಾ ಜನರೇಟರ್ ಓಡಿಸಿಟ್ಟು ಮಲಗುವ ರೂಢಿ ಇಲ್ಲಿ ಬಹಳ ಕಡೆ ಇದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಸತ್ತದ್ದು ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿ. ಬ್ಯಾಟರಿಯಿಂದ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ನೀವೇ ಕೊಂಡು ಚೀಲದಲ್ಲಿ ಹಾಕಿಕೊಂಡು ಹೋಗಿ, ತಲೆದಿಂಬಿನ ಮಟ್ಟಕ್ಕೆ ಇಡಿ.

ಆ ಸಿಲಿಂಡರ್ ಇರುವ ಗಾಡಿ ಹತ್ತಬೇಡಿ. 14.2 ಕಿಲೋದ ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದೇ ಕಾನೂನುಬಾಹಿರ. ಅದಕ್ಕಿಂತ ದೊಡ್ಡದು, ಮಂಚದ ಕೆಳಗೆ ಸೋರಿದ ಅನಿಲ ಹೊರಗೆ ಹೋಗಲು ದಾರಿಯಿಲ್ಲದೆ ಮಲಗಿದವರ ಅಡಿಯಲ್ಲೇ ತುಂಬಿಕೊಳ್ಳುತ್ತದೆ. ಇಂಡಕ್ಷನ್ ಒಲೆ ಇರುವ ಗಾಡಿ ಕೇಳಿ. ಅದರಲ್ಲಿಯೂ ಒಂದನ್ನು ಗಮನಿಸಿ: 2,000 ವ್ಯಾಟ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 170 ಆಂಪಿಯರ್ ಮೀರಿ ಎಳೆಯುತ್ತದೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತಂತಿ ಹೆಬ್ಬೆರಳಿನಷ್ಟು ದಪ್ಪವಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಹತ್ತು ನಿಮಿಷ ನೀರು ಕಾಯಿಸಿ ಒಲೆ ಆರಿಸಿದ ಮೇಲೆ ತಂತಿಯ ಮೇಲೆ ಕೈಯಿಟ್ಟು ನೋಡಿ. ಹಿಡಿಯಲಾರದಷ್ಟು ಬಿಸಿಯಾಗಿದ್ದರೆ ಬೇರೆ ಗಾಡಿ ಹುಡುಕಿ.