ಹರಾಜಿನ ಕಾರು ಅಗ್ಗ ಸರಿ, ಆದರೆ ಯಾರಿಗೆ?

ಪ್ರಶ್ನೆ: ಮೊದಲ ಸಲ ಕಾರು ಕೊಳ್ಳುತ್ತಿದ್ದೇನೆ. ಕೈಯಲ್ಲಿ ಎರಡು ಲಕ್ಷವಿದೆ, ಉಳಿದದ್ದಕ್ಕೆ ಸಾಲ ಮಾಡಬೇಕು. 2018ರ ಪೆಟ್ರೋಲ್ ಸ್ವಿಫ್ಟ್‌ಗೆ ನಮ್ಮೂರ ಡೀಲರ್ 4.10 ಲಕ್ಷ ಹೇಳುತ್ತಿದ್ದಾರೆ. ಅದೇ ವರ್ಷದ, ಅದೇ ಮಾಡೆಲ್ ಕಾರು ಬ್ಯಾಂಕ್ ಹರಾಜಿನಲ್ಲಿ 2.75 ಲಕ್ಷಕ್ಕಿದೆ. ಯಾವುದು ಮೇಲು?
– ಓದುಗರು, ತುಮಕೂರು

ಉತ್ತರ: ನಿಮಗೆ ಹರಾಜು ಬೇಡ.

2.75 ಲಕ್ಷ ಎಂಬುದು ಸವಾಲು ಶುರುವಾಗುವ ಬೆಲೆ, ಮುಗಿಯುವ ಬೆಲೆಯಲ್ಲ. ಅಲ್ಲಿ ನಿಮ್ಮ ಎದುರು ಕೂಗುವವರಲ್ಲಿ ಪಳಗಿದ ಡೀಲರ್‌ಗಳೂ ಇರುತ್ತಾರೆ. ಒಳ್ಳೆಯ ಗಾಡಿಯನ್ನು ಅವರು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅವರು ಕೈಬಿಟ್ಟದ್ದು ನಿಮಗೆ ಅಗ್ಗಕ್ಕೆ ಸಿಕ್ಕರೆ, ಯಾಕೆ ಬಿಟ್ಟರು ಎಂದು ಯೋಚಿಸಿ. ಬ್ಯಾಂಕ್ ಹರಾಜಿಗೆ ಬರುವುದು ಸಾಲದ ಕಂತು ತಪ್ಪಿ ಜಪ್ತಿಯಾದ ಗಾಡಿ. ಕಂತು ಕಟ್ಟಲು ದುಡ್ಡಿಲ್ಲದ ಮಾಲೀಕ ವೇಳೆಗೆ ಸರಿಯಾಗಿ ಆಯಿಲ್ ಬದಲಿಸಿರುತ್ತಾನೆಯೇ? ಜಪ್ತಿಯಾದ ಮೇಲೆ ಗಾಡಿ ಯಾರ್ಡಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಮಳೆಗೆ ನಿಂತಿರುತ್ತದೆ. ಬ್ಯಾಟರಿ ಸತ್ತಿರುತ್ತದೆ, ವೈರಿಂಗನ್ನು ಇಲಿ ಕಡಿದಿದ್ದರೂ ಆಶ್ಚರ್ಯವಿಲ್ಲ. ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ’ ಎಂಬುದು ಹರಾಜಿನ ಷರತ್ತು. ಹೆಚ್ಚೆಂದರೆ ಸ್ಟಾರ್ಟ್ ಮಾಡಿ ತೋರಿಸುತ್ತಾರೆ, ಸಾಮಾನ್ಯವಾಗಿ ಓಡಿಸಲು ಬಿಡುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳ ಯೋಗಕ್ಷೇಮ ಓಡಿಸದೆ ತಿಳಿಯುವಂಥದ್ದಲ್ಲ.

ಇದೆಲ್ಲ ಮೆಕ್ಯಾನಿಕ್ ಸರಿಮಾಡಬಹುದಾದದ್ದು. ಕಾಗದಪತ್ರದ ಕಾಟ ಬೇರೆ. ಹಳೆಯ ಮಾಲೀಕ ಆರ್‌ಸಿ (ನೋಂದಣಿ ಪತ್ರ) ಒಪ್ಪಿಸದಿದ್ದರೆ ಬ್ಯಾಂಕ್ ಫಾರ್ಮ್ 36ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಹೊಸ ಆರ್‌ಸಿ ಪಡೆಯಬೇಕು, ಆಮೇಲೆ ನಿಮ್ಮ ಹೆಸರಿಗೆ ವರ್ಗಾವಣೆ. ಬಾಕಿ ದಂಡ, ಯಾರ್ಡ್ ಬಾಡಿಗೆ ಯಾರ ತಲೆಗೆ ಎಂಬುದನ್ನು ಹರಾಜಿನ ಷರತ್ತುಗಳಲ್ಲೇ ಹುಡುಕಬೇಕು. ಗೆದ್ದ ಮೇಲೆ ಉಳಿದ ಹಣ ಕಟ್ಟಲು ಕೆಲವೇ ದಿನಗಳ ಗಡುವು, ತಪ್ಪಿದರೆ ಸವಾಲಿಗೆ ಮುನ್ನ ಕಟ್ಟಿದ ಠೇವಣಿ ಹೋಯಿತು. ಸಾಲ ಮಂಜೂರಾಗುವುದನ್ನು ಹರಾಜು ಕಾಯುವುದಿಲ್ಲ. ಪೂರ್ತಿ ಹಣ ಕೈಯಲ್ಲಿದ್ದು, ನಂಬುವ ಮೆಕ್ಯಾನಿಕ್ ಜೊತೆಗಿದ್ದು, ಎರಡು ಮೂರು ತಿಂಗಳು ಗಾಡಿ ಇಲ್ಲದೆಯೂ ನಡೆಯುತ್ತದೆ ಎನ್ನುವವರಿಗೆ ಅದು ಲಾಭದ ದಾರಿಯೇ.

ಹಾಗೆಂದು ಡೀಲರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. 2023ರ ಏಪ್ರಿಲ್ 1ರಿಂದ ಹಳೆ ವಾಹನ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆದಿರಬೇಕು. ಗಾಡಿ ತನ್ನ ಕೈಗೆ ಬಂದದ್ದನ್ನು ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ತಿಳಿಸಿರಬೇಕು. ಎರಡನ್ನೂ ತೋರಿಸಿ ಎನ್ನಿ. ತಡವರಿಸಿದರೆ ಬೇರೆ ಅಂಗಡಿ ನೋಡಿ.

ಗಾಡಿಯ ಬಳಿ ಹೋದಾಗ ಮೊದಲು ಟೈರ್ ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ: 2322 ಎಂದರೆ 2022ರ 23ನೇ ವಾರ. ಮೀಟರ್ 25,000 ಕಿ.ಮೀ. ತೋರಿಸುತ್ತಿದೆ, ನಾಲ್ಕೂ ಟೈರ್ 2022ರವು ಎಂದಾದರೆ, ಇಷ್ಟೇ ಓಡಿದ 2018ರ ಗಾಡಿಗೆ ಟೈರ್ ಬದಲಿಸಿದ್ದು ಯಾಕೆ? ಮೀಟರ್ ಹಿಂದಕ್ಕೆ ತಿರುಗಿಸಿರುವ ಶಂಕೆ ಸಹಜ. ಸರ್ವಿಸ್ ದಾಖಲೆ ಕೇಳಿ. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗೆ ಉಳಿಯುವ ಭಾಗವನ್ನು ಯಾರೂ ತೊಳೆಯುವ ಗೋಜಿಗೆ ಹೋಗುವುದಿಲ್ಲ. ಅಲ್ಲಿ ಕೆಸರಿನ ಗೆರೆ, ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು ಕಂಡರೆ ಗಾಡಿ ನೀರಲ್ಲಿ ಮುಳುಗಿ ಎದ್ದದ್ದು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದ ಕಾರುಗಳೂ ನೆನಪಿರಲಿ. ವಿಮೆ ಕಂಪನಿ ‘ಟೋಟಲ್ ಲಾಸ್’ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ) ಎಂದು ಹರಾಜು ಹಾಕಿದ ಗಾಡಿ ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬರುವುದುಂಟು.

ಇನ್ನು ಚೌಕಾಶಿ. ‘ಪೂರ್ತಿ ಬೆಲೆಯ ಮೇಲೆ 18% ಜಿಎಸ್‌ಟಿ ಬೀಳುತ್ತೆ ಸಾರ್’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಹಳೆ ಕಾರಿನಲ್ಲಿ ತೆರಿಗೆ ಲೆಕ್ಕ ಸಾಮಾನ್ಯವಾಗಿ ಡೀಲರ್ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. ಆರ್‌ಸಿ ನಿಮ್ಮ ಹೆಸರಿಗಾಗುವವರೆಗೆ ಸ್ವಲ್ಪ ಹಣ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿ, ಬರೆಸಿಕೊಳ್ಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಬಜೆಟ್ಟಿನಲ್ಲಿರಲಿ.