ಗೆಳತಿ ಕರೆದಳು, ಅಮ್ಮನನ್ನು ಕೇಳಿದಿರಾ?

ಪ್ರಶ್ನೆ: ನನಗೆ 34 ವರ್ಷ. ಶಿವಮೊಗ್ಗದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಮದುವೆಯಾಗಿಲ್ಲ. ಅಪ್ಪ ಇಲ್ಲ, ಅಮ್ಮ ನನ್ನ ಜೊತೆಗಿದ್ದಾರೆ. ತಮ್ಮ ಬೆಂಗಳೂರಿನಲ್ಲಿದ್ದಾನೆ. ನನ್ನ ಬಿ.ಇಡಿ. ಗೆಳತಿ ಈಗ ಕಲಬುರಗಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಅಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಫೇಲ್, ಅದೂ ಗಣಿತದಲ್ಲೇ. ಹೊಸದಾಗಿ ಸೇರುವವರೂ ಕಡಿಮೆ. ‘ನೀನು ಬಂದರೆ ಶಾಲೆ ಉಳಿಯುತ್ತೆ’ ಅನ್ನುತ್ತಾಳೆ. ಸಂಬಳ ಈಗಿನದಕ್ಕಿಂತ ಕಡಿಮೆ. ಹೋಗದಿದ್ದರೆ ನಾನು ಸ್ವಾರ್ಥಿ ಅನ್ನಿಸುತ್ತದೆ. ಹೋದರೆ ಅಮ್ಮನ ಗತಿಯೇನು?
– ಹೆಸರು ಬೇಡ

ಉತ್ತರ: ಟೀಚರ್, ಗೆಳತಿ ಏನಂದರು ಅಂತ ಬರೆದಿದ್ದೀರಿ. ಅಮ್ಮ ಏನಂದರು ಅಂತ ಎಲ್ಲೂ ಬರೆದಿಲ್ಲ. ಅವರನ್ನು ಕೇಳಿಯೇ ಇಲ್ಲ ಅಂತ ನನ್ನ ಊಹೆ. ಮಗಳು ನಿದ್ದೆಗೆಟ್ಟು ಓಡಾಡುವುದು ಅದೇ ಮನೆಯಲ್ಲಿರುವ ತಾಯಿಗೆ ಗೊತ್ತಾಗದೆ ಇರುತ್ತದಾ? ಮೊದಲು ಕೂತು ಮಾತಾಡಿ. ಅವರೂ ನಿಮ್ಮ ಜೊತೆ ಹೊರಡಬಹುದು. ‘ನಾನು ಈ ಮನೆ ಬಿಟ್ಟು ಬರಲ್ಲ, ನೀನು ಹೋಗು’ ಅನ್ನಬಹುದು. ಬೇಡವೇ ಬೇಡ ಅಂತ ಅಳಲೂಬಹುದು. ಮೂರಕ್ಕೂ ದಾರಿ ಬೇರೆ ಬೇರೆ. ಈಗ ನೀವು ಅವರ ಪರವಾಗಿ ಉತ್ತರವನ್ನೂ ನೀವೇ ಕೊಟ್ಟುಕೊಂಡು ಒದ್ದಾಡುತ್ತಿದ್ದೀರಿ. ಹಾಗೇ ತಮ್ಮನಿಗೂ ಫೋನ್ ಮಾಡಿ. ಅಮ್ಮ ಅವನಿಗೂ ಅಮ್ಮನೇ. ಮದುವೆಯಾಗದ ಮಗಳು ಮನೆಯಲ್ಲಿದ್ದಾಳೆ ಅಂತ ಪೂರ್ತಿ ಜವಾಬ್ದಾರಿ ಅವಳ ತಲೆಗೇ ಕಟ್ಟುವುದು ನಮ್ಮ ಮನೆಗಳಲ್ಲಿ ಮಾಮೂಲಿ. ನನಗಂತೂ ಇದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತದೆ.

ಇನ್ನು ಶಾಲೆ ಉಳಿಸುವ ವಿಷಯ. ಗೆಳತಿ ಕಷ್ಟದಲ್ಲಿದ್ದಾರೆ, ಹಾಗೆ ಅಂದಿದ್ದರಲ್ಲಿ ತಪ್ಪಿಲ್ಲ. ಆದರೆ ಒಬ್ಬ ಗಣಿತ ಟೀಚರಿಂದ ಶಾಲೆ ಉಳಿಯುವುದಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ 1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶ ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ನಿಮ್ಮ ಶಿವಮೊಗ್ಗ ಮೇಲಿನಿಂದ ನಾಲ್ಕನೆಯದು. ಕಲಬುರಗಿಯ ಮೇಷ್ಟ್ರುಗಳು ಪಾಠ ಮಾಡದೆ ಹೀಗಾಯಿತು ಅಂದುಕೊಳ್ಳಬೇಡಿ. ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಹೋಗುವ ಮಕ್ಕಳಿದ್ದಾರೆ. ಅಪ್ಪ ಅಮ್ಮನ ಜೊತೆ ಪುಣೆಗೋ ಮುಂಬೈಗೋ ಗುಳೆ ಹೋಗಿ ಬಂದವರಿದ್ದಾರೆ. ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಲೆಕ್ಕ ಬಿಡಿಸುವವರಿದ್ದಾರೆ. ಎಂಟನೇ ಕ್ಲಾಸಿಗೆ ಬಂದರೂ ದಶಕ ತೆಗೆದುಕೊಂಡು ಕಳೆಯಲು ಬರದ ಮಕ್ಕಳು ಸಿಗುತ್ತಾರೆ. ಅವರಿಗೆ ಹತ್ತನೇ ಕ್ಲಾಸಿನಲ್ಲಿ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ, ಕೊಟ್ಟು ಉರು ಹೊಡೆಸಿದರೆ ಕೆಲವರು ದಾಟಬಹುದು, ಅಷ್ಟೇ. ಎಂಟರಲ್ಲಿ ಹಿಡಿದು ಹತ್ತು ಮುಗಿಯುವ ತನಕ ಜೊತೆಗಿದ್ದರೆ ಮಾತು ಬೇರೆ. ಅಂದರೆ ಮೂರು ವರ್ಷ. ‘ಒಂದು ವರ್ಷ ನೋಡೋಣ’ ಅನ್ನುವ ಮನಸ್ಸಿದ್ದರೆ ಹೋಗಬೇಡಿ. ಬಂದು ಹೋಗುವ ಟೀಚರುಗಳನ್ನು ಆ ಮಕ್ಕಳು ನೋಡಿರುತ್ತಾರೆ.

ಹಾಗಂತ ಈಗಲೇ ಮೂರು ವರ್ಷಕ್ಕೆ ಒಪ್ಪಿಕೊಳ್ಳಿ ಅನ್ನುತ್ತಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆಯಲ್ಲ, ಅದು ನಿಮಗೂ ಅನುಕೂಲ. 2025ರಲ್ಲಿ ಮೇ ಮೊದಲ ವಾರವೇ ಫಲಿತಾಂಶ ಬಂತು, ಕೊನೆಯ ವಾರ ಪರೀಕ್ಷೆ 2 ಶುರುವಾಯಿತು. ನಡುವೆ ಫೇಲಾದವರಿಗೆ ಪಾಠ ಮಾಡುವವರು ಬೇಕು. ಆಗ ನಿಮಗೆ ರಜೆ. ಈ ಬೇಸಿಗೆಯಲ್ಲಿ ಆ ದಿನಗಳ ಮಟ್ಟಿಗೆ ಹೋಗಿ, ಗಣಿತ ಮಾಡಿ. ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಬೇಕು. ಅಷ್ಟು ದಿನ ಅಮ್ಮ ತಮ್ಮನ ಮನೆಯಲ್ಲಿರಲಿ. ಅವರಿಗೆ ಬೆಂಗಳೂರು ಒಗ್ಗುತ್ತದಾ, ನಿಮಗೆ ಕಲಬುರಗಿ ಒಗ್ಗುತ್ತದಾ, ಎರಡೂ ಒಟ್ಟಿಗೇ ತಿಳಿಯುತ್ತದೆ. ಅಷ್ಟರೊಳಗೆ ನಿಮ್ಮ ಈಗಿನ ಹತ್ತನೇ ಕ್ಲಾಸಿನವರ ಪರೀಕ್ಷೆಯೂ ಮುಗಿದಿರುತ್ತದೆ. ಅವರನ್ನು ನಡುವೆ ಬಿಟ್ಟು ಹೋಗುವ ಯೋಚನೆ ಮಾತ್ರ ಬೇಡ.

ಅಲ್ಲಿದ್ದಾಗ ದುಡ್ಡಿನ ಮಾತು ಮುಗಿಸಿಬಿಡಿ. ಗೆಳತಿಯ ಹತ್ತಿರ ದುಡ್ಡಿನ ವಿಷಯ ಎತ್ತಲು ಸಂಕೋಚ ಅಲ್ವಾ? ಹಾಗಾದರೆ ಆಡಳಿತ ಮಂಡಳಿಯನ್ನೇ ಕೇಳಿ. ಇದು ಇಲಾಖೆಯ ಅನುಮೋದನೆ ಇದ್ದು ಸರ್ಕಾರ ಸಂಬಳ ಕೊಡುವ ಅನುದಾನಿತ ಹುದ್ದೆಯೋ, ಮಂಡಳಿ ತನ್ನ ಕೈಯಿಂದ ಸಂಬಳ ಕೊಡುವ ಹುದ್ದೆಯೋ? ಎರಡನೆಯದಾದರೆ ಮಕ್ಕಳು ಕಡಿಮೆಯಾದ ವರ್ಷ ಮೊದಲು ನಿಲ್ಲುವುದು ನಿಮ್ಮ ಸಂಬಳ. ಪಿಎಫ್ ಇದೆಯಾ? ಬೇಸಿಗೆ ರಜೆಯ ಸಂಬಳ ಕೊಡುತ್ತಾರಾ? ನಿಮಗಿಂತ ಮೊದಲು ಗಣಿತ ಮಾಡುತ್ತಿದ್ದವರು ಯಾಕೆ ಬಿಟ್ಟರು? ಅವರ ನಂಬರ್ ಸಿಕ್ಕರೆ ಒಂದು ಮಾತಾಡಿ. ನೇಮಕಾತಿ ಆದೇಶ ಕೈಗೆ ಬರುವ ತನಕ ಇಲ್ಲಿ ರಾಜೀನಾಮೆ ಕೊಡಬೇಡಿ.

ಎಲ್ಲ ಕೇಳಿ ನೋಡಿದ ಮೇಲೂ ಮನಸ್ಸು ಆ ಕಡೆಗೇ ಎಳೆದರೆ ಹೋಗಿ. ನನ್ನ ಒಲವು ಹೋಗುವ ಕಡೆಗೇ ಇದೆ. ಬೇಡ ಅನ್ನಿಸಿದರೂ ಸ್ವಾರ್ಥಿ ಅಂದುಕೊಳ್ಳಬೇಡಿ. ಪ್ರತಿ ಮೇ ತಿಂಗಳು ಪರೀಕ್ಷೆ 2ಕ್ಕೆ ಪಾಠ ಮಾಡಲು ಬರುತ್ತೇನೆ ಅಂತ ಗೆಳತಿಗೆ ಹೇಳಿ. ಅವರಿಗೆ ಅದೂ ಬೇಕಾಗಿರುವ ಸಹಾಯವೇ.